ಎಸ್‌ಎಂಪಿಎಸ್ ಆಯ್ಕೆ: ಕೊಳ್ಳುವ ಮುನ್ನ ಅರಿಯಬೇಕಾದ ಸಂಗತಿಗಳು

ಉದ್ಯೋಗ ನಿಮಿತ್ತ ಹುಟ್ಟೂರನ್ನು ಬಿಟ್ಟು ಬಂದು ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಗಣಕಯಂತ್ರವು ಇಂದು ನಿತ್ಯೋಪಯೋಗಿ ವಸ್ತುವಾಗಿದೆ. ಮಕ್ಕಳ ವ್ಯಾಸಂಗ, ಮನೆಯ ಲೆಕ್ಕಪತ್ರ, ಆದಾಯ ತೆರಿಗೆಯ ವಿವರ, ಊರಿನಲ್ಲಿರುವ ಹಿರಿಯರೊಡನೆ ಮುಖ ನೋಡಿ ಆಡುವ ಮಾತು, ಮದುವೆ ಮುಂಜಿಗಳ ಭಾವಚಿತ್ರಗಳ ಸಂಗ್ರಹ ಇವೆಲ್ಲವೂ ಒಂದೇ ಪೆಟ್ಟಿಗೆಯನ್ನು ಆಶ್ರಯಿಸಿವೆ. ಲ್ಯಾಪ್‌ಟಾಪು, ಮೊಬೈಲುಗಳ ಈ ಕಾಲದಲ್ಲಿಯೂ ಮೇಜಿನ ಮೇಲಿನ ಗಣಕಯಂತ್ರಕ್ಕೆ ಒಂದು ವಿಶೇಷ ಅನುಕೂಲ ಉಂಟು. ಅದನ್ನು ಇಡಿಯಾಗಿ ಬದಲಾಯಿಸದೆ, ಬೇಕಾದ ಭಾಗವನ್ನು ಮಾತ್ರ ಬದಲಾಯಿಸಿ ಇನ್ನೂ ನಾಲ್ಕಾರು ವರ್ಷ ದುಡಿಸಿಕೊಳ್ಳಬಹುದು. ಮಧ್ಯಮ ವರ್ಗದ ಕುಟುಂಬಕ್ಕೆ ಇದು ಸಣ್ಣ ಉಳಿತಾಯವೇನೂ ಅಲ್ಲ.

ಇಂತಹ ಸಂದರ್ಭ ಸಾಮಾನ್ಯವಾಗಿ ಮಕ್ಕಳ ವ್ಯಾಸಂಗದೊಡನೆ ಬರುತ್ತದೆ. ಮಗಳು ವಾಸ್ತುಶಿಲ್ಪದ ಕಾಲೇಜಿಗೆ ಸೇರಿದಳೆಂದೋ, ಮಗನಿಗೆ ಇಂಜಿನಿಯರಿಂಗ್ ವಿನ್ಯಾಸದ ತಂತ್ರಾಂಶ ಬೇಕಾಯಿತೆಂದೋ ಹಳೆಯ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಸೇರಿಸುವ ಯೋಚನೆ ಹುಟ್ಟುತ್ತದೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರಸ್ತೆ, ಎಲ್ಲಿಗೆ ಹೋದರೂ ವ್ಯಾಪಾರದ ರೀತಿ ಬಹುಮಟ್ಟಿಗೆ ಒಂದೇ. ಕಾರ್ಡಿಗೆ ಇಷ್ಟು, ಮೆಮರಿಗೆ ಇಷ್ಟು, ಡಿಸ್ಕಿಗೆ ಇಷ್ಟು ಎಂದು ಹಣ ಹಂಚಿಕೆಯಾಗುತ್ತದೆ. ಎಸ್‌ಎಂಪಿಎಸ್ ಪ್ರಸ್ತಾಪ ಬರುವ ಹೊತ್ತಿಗೆ ಕೈಯಲ್ಲಿನ ಹಣ ಮುಗಿದಿರುತ್ತದೆ. "ಇದ್ದದ್ದೇ ಸಾಕು ಬಿಡಿ" ಎಂದು ಗಿರಾಕಿ ಹೇಳುತ್ತಾನೆ; ಇಲ್ಲವೇ ಕ್ಯಾಬಿನೆಟ್ಟಿನ ಜೊತೆಗೆ ಬರುವ ಅಗ್ಗದ ಪೆಟ್ಟಿಗೆಯಿಂದಲೇ ತೃಪ್ತನಾಗುತ್ತಾನೆ.

ಈ ಉಳಿತಾಯ ಮುಂದೆ ದುಬಾರಿಯಾಗಿ ಪರಿಣಮಿಸುವುದುಂಟು. ಮೆಮರಿ ಕೆಟ್ಟರೆ ಮೆಮರಿಯನ್ನು ಬದಲಾಯಿಸಿದರಾಯಿತು. ಫ್ಯಾನು ನಿಂತರೆ ಹೊಸ ಫ್ಯಾನು ತಂದರಾಯಿತು. ಆದರೆ ವಿದ್ಯುತ್ ಪೂರೈಕೆಯ ಘಟಕ ಕೆಟ್ಟ ರೀತಿಯಲ್ಲಿ ವಿಫಲವಾದಾಗ, ಅದರ ತಂತಿಗಳಿಗೆ ಜೋಡಣೆಯಾದ ಮದರ್‌ಬೋರ್ಡು, ಕಾರ್ಡು, ಡಿಸ್ಕುಗಳೆಲ್ಲವೂ ಅಪಾಯಕ್ಕೆ ಈಡಾಗುತ್ತವೆ. ಕಾರ್ಡನ್ನು ಮತ್ತೆ ಕೊಳ್ಳಬಹುದು. ಡಿಸ್ಕಿನಲ್ಲಿದ್ದ ತೀರಿಹೋದ ತಂದೆತಾಯಿಗಳ ಧ್ವನಿಮುದ್ರಣವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಆದುದರಿಂದ ಈ ಒಂದು ವಸ್ತುವಿನ ಆಯ್ಕೆಯಲ್ಲಿ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗದೆ, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ವಿವರಗಳನ್ನು ಓದುವುದು ಅವಶ್ಯಕ. ಅದಕ್ಕೆ ವಿಜ್ಞಾನದ ಪದವಿ ಬೇಕಿಲ್ಲ. ಗುಣಾಕಾರ ಮತ್ತು ಸಂಕಲನ ಬಂದರೆ ಸಾಕು.

ಪೆಟ್ಟಿಗೆಯೊಳಗೆ ನಡೆಯುವುದೇನು?

ಮನೆಯ ಸಾಕೆಟ್ಟಿನಲ್ಲಿ ದೊರೆಯುವುದು 230 ವೋಲ್ಟಿನ ಪರ್ಯಾಯ ವಿದ್ಯುತ್. ಜನಬಳಕೆಯಲ್ಲಿ ಇದು ಎ.ಸಿ. ಸೆಕೆಂಡಿಗೆ 50 ಆವರ್ತನಗಳಂತೆ ಇದರ ಪ್ರವಾಹ ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತದೆ. ಗಣಕಯಂತ್ರದ ಅಂಗಗಳಿಗೆ ಬೇಕಾದುದಾದರೋ 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್, ಅಂದರೆ ಡಿ.ಸಿ. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ಪೆಟ್ಟಿಗೆಯೇ ಎಸ್‌ಎಂಪಿಎಸ್. ಸ್ವಿಚ್ಡ್ ಮೋಡ್ ಪವರ್ ಸಪ್ಲೈ ಎಂಬುದು ಅದರ ಪೂರ್ಣ ನಾಮಧೇಯ.

ಪರಿವರ್ತನೆ ಹಲವು ಹಂತಗಳಲ್ಲಿ ನಡೆಯುತ್ತದೆ. ಮೊದಲು ಪರ್ಯಾಯ ವಿದ್ಯುತ್ತು ನೇರ ವಿದ್ಯುತ್ತಾಗಿ 300 ವೋಲ್ಟಿಗೂ ಮೀರಿದ ಒತ್ತಡದಲ್ಲಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ಸಂಗ್ರಹವಾಗುತ್ತದೆ. ಅನಂತರ ಟ್ರಾನ್ಸಿಸ್ಟರುಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಹಚ್ಚಿ ಆರಿಸುತ್ತವೆ. ಈ ವೇಗದ ಕಾರಣದಿಂದಲೇ ಮುಷ್ಟಿಗಾತ್ರದ ಟ್ರಾನ್ಸ್‌ಫಾರ್ಮರು ನೂರಾರು ವ್ಯಾಟುಗಳ ಶಕ್ತಿಯನ್ನು ದಾಟಿಸಬಲ್ಲದು. ಆಚೆ ಬಂದ ವಿದ್ಯುತ್ತನ್ನು ಮತ್ತೊಮ್ಮೆ ನೇರಗೊಳಿಸಿ, ಏರಿಳಿತಗಳನ್ನು ಸೋಸಿ, ತಂತಿಗಳಿಗೆ ಬಿಡಲಾಗುತ್ತದೆ. ಹೊರಬರುವ ವೋಲ್ಟೇಜನ್ನು ಒಂದು ಮಂಡಲ ಸದಾ ಗಮನಿಸುತ್ತ, ಹೆಚ್ಚು ಕಡಿಮೆಯಾದಾಗ ತಿದ್ದುತ್ತಿರುತ್ತದೆ. 12 ವೋಲ್ಟಿನ ಸಾಲಿನಲ್ಲಿ ಬಹುಕಾಲದಿಂದ ಅಂಗೀಕೃತವಾಗಿರುವ ಏರಿಳಿತದ ಮಿತಿ ಶೇಕಡ 5, ಅಂದರೆ 11.4ರಿಂದ 12.6 ವೋಲ್ಟಿನವರೆಗೆ. ಉತ್ತಮ ಘಟಕವು ಹೊರೆ ಹೆಚ್ಚಿದಾಗಲೂ ಈ ಮಿತಿಯೊಳಗೆ ನಿಲ್ಲುತ್ತದೆ. ಕಳಪೆ ಘಟಕ ಜಾರುತ್ತದೆ. ಆಗ ಯಂತ್ರ ಕಾರಣವಿಲ್ಲದೆ ತಾನಾಗಿಯೇ ಮರುಚಾಲನೆಗೊಳ್ಳುವುದು, ಡಿಸ್ಕಿನಲ್ಲಿ ದೋಷಗಳು ಕಾಣಿಸಿಕೊಳ್ಳುವುದು ಮೊದಲಾದ ತೊಂದರೆಗಳು ಆರಂಭವಾಗುತ್ತವೆ.

ಇಲ್ಲಿ ಆರೋಗ್ಯಕ್ಕೆ, ವಸ್ತುತಃ ಪ್ರಾಣಕ್ಕೇ ಸಂಬಂಧಿಸಿದ ಒಂದು ಎಚ್ಚರಿಕೆ ಅಗತ್ಯ. ಮೇಲೆ ಹೇಳಿದ ದೊಡ್ಡ ಕೆಪಾಸಿಟರು ಪ್ಲಗ್ಗನ್ನು ಕಿತ್ತ ಅನಂತರವೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಆದುದರಿಂದ ಧೂಳು ತೆಗೆಯುವುದಕ್ಕಾಗಲಿ, ಫ್ಯಾನಿಗೆ ಎಣ್ಣೆ ಬಿಡುವುದಕ್ಕಾಗಲಿ ಎಸ್‌ಎಂಪಿಎಸ್ ಪೆಟ್ಟಿಗೆಯ ಮುಚ್ಚಳವನ್ನು ಮನೆಯಲ್ಲಿ ಯಾರೂ ಬಿಚ್ಚತಕ್ಕದ್ದಲ್ಲ.

63.5 ವ್ಯಾಟಿನಿಂದ 450 ವ್ಯಾಟಿಗೆ

1981ರಲ್ಲಿ ಐಬಿಎಂ ಸಂಸ್ಥೆಯು ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರ ವಿದ್ಯುತ್ ಪೂರೈಕೆಯ ಒಟ್ಟು ಸಾಮರ್ಥ್ಯ 63.5 ವ್ಯಾಟ್ ಆಗಿದ್ದಿತು. 2022ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಎಂಬ ಗ್ರಾಫಿಕ್ಸ್ ಕಾರ್ಡೊಂದೇ 450 ವ್ಯಾಟ್ ಬಯಸುತ್ತದೆ. ಸಾಮಾನ್ಯ ಕುಟುಂಬಕ್ಕೆ ಅಂತಹ ಕಾರ್ಡಿನ ಅಗತ್ಯವಿಲ್ಲ. ಆದರೂ ಹೊರೆ ಯಾವ ದಿಕ್ಕಿನಲ್ಲಿ ಬೆಳೆದಿದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಒಟ್ಟು ಹೊರೆಯ ಜೊತೆಗೆ ಹೊರೆಯ ಸ್ವರೂಪವೂ ಬದಲಾಗಿದೆ. ಹಿಂದಿನ ಯಂತ್ರಗಳಲ್ಲಿ ಪ್ರೊಸೆಸರು ಮುಖ್ಯವಾಗಿ 5 ಅಥವಾ 3.3 ವೋಲ್ಟಿನ ಸಾಲಿನಿಂದ ಶಕ್ತಿ ಪಡೆಯುತ್ತಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎಟಿಎಕ್ಸ್ ಮಾನಕಕ್ಕೆ 2000ದಲ್ಲಿ, ಪೆಂಟಿಯಂ 4 ಪ್ರೊಸೆಸರಿನ ಕಾಲಕ್ಕೆ, 12 ವೋಲ್ಟಿನ ಪ್ರತ್ಯೇಕ ಕನೆಕ್ಟರನ್ನು ಸೇರಿಸಲಾಯಿತು. ಈಗ ಪ್ರೊಸೆಸರು ಮತ್ತು ಗ್ರಾಫಿಕ್ಸ್ ಕಾರ್ಡು ಎರಡೂ ತಮ್ಮ ಶಕ್ತಿಯ ಬಹುಪಾಲನ್ನು 12 ವೋಲ್ಟಿನ ಸಾಲಿನಿಂದಲೇ ಪಡೆಯುತ್ತವೆ. ಹೀಗಾಗಿ ಘಟಕದ ಒಟ್ಟು ವ್ಯಾಟ್ ಎಷ್ಟು ಎಂಬುದಕ್ಕಿಂತ 12 ವೋಲ್ಟಿನ ಸಾಲಿನಲ್ಲಿ ಎಷ್ಟು ಎಂಬುದೇ ಮುಖ್ಯವಾದ ಪ್ರಶ್ನೆ.

ಮುಖಬೆಲೆ ಮತ್ತು ನಿಜಬೆಲೆ

ಪ್ರತಿಯೊಂದು ಎಸ್‌ಎಂಪಿಎಸ್ ಪಕ್ಕದಲ್ಲಿಯೂ ಒಂದು ಲೇಬಲ್ ಅಂಟಿಸಿರುತ್ತಾರೆ. ಅದರಲ್ಲಿ ಪ್ರತಿ ವೋಲ್ಟೇಜಿನ ಕೆಳಗೆ ಎಷ್ಟು ಆಂಪಿಯರ್ ದೊರೆಯುತ್ತದೆ ಎಂಬ ಕೋಷ್ಟಕ ಇರುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬರುವುದೇ ವ್ಯಾಟ್. ಅಗ್ಗದ ಘಟಕಗಳ ಲೇಬಲ್ಲುಗಳಲ್ಲಿ ಕಾಣುವಂತಹ ಒಂದು ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿದೆ. ಕೆಳಗಿನ ಕೋಷ್ಟಕದಲ್ಲಿ 3.3 ವೋಲ್ಟಿಗೆ 28 ಆಂಪಿಯರ್, 5 ವೋಲ್ಟಿಗೆ 30 ಆಂಪಿಯರ್, 12 ವೋಲ್ಟಿಗೆ 16 ಆಂಪಿಯರ್ ಎಂದಿದೆ. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್ ಮಾತ್ರ! ಉಳಿದ ವ್ಯಾಟುಗಳು ಇಂದಿನ ಯಂತ್ರ ಹೆಚ್ಚಾಗಿ ಕೇಳದಿರುವ 5 ಮತ್ತು 3.3 ವೋಲ್ಟಿನ ಸಾಲುಗಳಲ್ಲಿ ನಿರುಪಯೋಗಿಯಾಗಿ ಕುಳಿತಿವೆ.

ಇದಕ್ಕೆ ಬದಲಾಗಿ 550 ವ್ಯಾಟಿನ ಒಂದು ಒಳ್ಳೆಯ ಘಟಕದಲ್ಲಿ 12 ವೋಲ್ಟಿಗೆ 45 ಆಂಪಿಯರ್ ಎಂದಿದ್ದರೆ, ಅದರಿಂದ 540 ವ್ಯಾಟ್ ದೊರೆಯುತ್ತದೆ. ಅಂದರೆ ಘಟಕದ ಹೆಚ್ಚುಕಡಿಮೆ ಪೂರ್ಣ ಸಾಮರ್ಥ್ಯ ಬೇಕಾದ ಸಾಲಿನಲ್ಲಿಯೇ ಲಭ್ಯ. ಕೆಲವು ಲೇಬಲ್ಲುಗಳಲ್ಲಿ 12 ವೋಲ್ಟಿನ ಎರಡು ಸಾಲುಗಳನ್ನು ಬೇರೆ ಬೇರೆಯಾಗಿ ತೋರಿಸಿರುತ್ತಾರೆ. ಅವುಗಳ ಆಂಪಿಯರುಗಳನ್ನು ಸುಮ್ಮನೆ ಕೂಡಿಸುವುದು ಸರಿಯಲ್ಲ. ಎರಡಕ್ಕೂ ಸೇರಿಸಿ ಗರಿಷ್ಠ ಎಷ್ಟು ಎಂಬ ಅಂಕಿಯನ್ನು ಹುಡುಕಬೇಕು. ಲೇಬಲ್ಲಿನಲ್ಲಿ ಕೋಷ್ಟಕವೇ ಇಲ್ಲದಿದ್ದರೆ ಆ ವಸ್ತುವನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಕ್ಷೇಮ.

ವ್ಯಾಟುಗಳ ಆಯವ್ಯಯ

ಸಂಸಾರಕ್ಕೆ ಆಯವ್ಯಯ ಪತ್ರ ಹೇಗೋ ಗಣಕಯಂತ್ರಕ್ಕೂ ಹಾಗೆಯೇ ಒಂದು ಪಟ್ಟಿ ಬೇಕು. ಇಂಟೆಲ್ ಕೋರ್ ಐ5-12400 ಪ್ರೊಸೆಸರ್ ಇರುವ ಯಂತ್ರಕ್ಕೆ ಆರ್‌ಟಿಎಕ್ಸ್ 3060 ಕಾರ್ಡನ್ನು ಸೇರಿಸಬೇಕಾಗಿದೆ ಎಂದು ಭಾವಿಸೋಣ. ಪ್ರೊಸೆಸರಿನ ವಿವರದಲ್ಲಿ 65 ವ್ಯಾಟ್ ಎಂಬ ಅಂಕಿ ಎದ್ದು ಕಾಣುತ್ತದೆ. ಆದರೆ ಅದು ಮೂಲ ವೇಗದ ಲೆಕ್ಕ. ಪೂರ್ಣ ವೇಗದಲ್ಲಿ ಅದು 117 ವ್ಯಾಟಿನವರೆಗೆ ಏರಬಹುದೆಂದು ತಯಾರಕರೇ ತಿಳಿಸಿದ್ದಾರೆ. ಖರ್ಚನ್ನು ಯಾವಾಗಲೂ ಗರಿಷ್ಠ ಪ್ರಮಾಣದಲ್ಲಿ ಹಿಡಿಯುವುದು ಜಾಣತನ.

ಪ್ರೊಸೆಸರ್ - 117 ವ್ಯಾಟ್
ಗ್ರಾಫಿಕ್ಸ್ ಕಾರ್ಡ್ - 170 ವ್ಯಾಟ್
ಮದರ್‌ಬೋರ್ಡ್ ಮತ್ತು ಮೆಮರಿ, ಅಂದಾಜು - 50 ವ್ಯಾಟ್
ಎಸ್‌ಎಸ್‌ಡಿ ಒಂದು, ಹಾರ್ಡ್ ಡಿಸ್ಕ್ ಒಂದು, ಅಂದಾಜು - 18 ವ್ಯಾಟ್
ಫ್ಯಾನುಗಳು ಮತ್ತು ಯುಎಸ್‌ಬಿ ಉಪಕರಣಗಳು, ಅಂದಾಜು - 15 ವ್ಯಾಟ್
ಒಟ್ಟು - 370 ವ್ಯಾಟ್

ಈ ಪಟ್ಟಿಯ ಮೊದಲ ಎರಡು ಬಾಬುಗಳೇ 287 ವ್ಯಾಟ್ ಆದವು. 192 ವ್ಯಾಟಿನ ಸಾಲುಳ್ಳ ಮೇಲಿನ ಅಗ್ಗದ ಘಟಕ ಇಷ್ಟನ್ನೇ ಹೊರಲಾರದು. ಅದರ ನೆತ್ತಿಯ ಮೇಲೆ 450 ಎಂದು ಬರೆದಿದ್ದರೂ ಪ್ರಯೋಜನವಿಲ್ಲ.

ಒಟ್ಟು ಹೊರೆ ಗೊತ್ತಾದ ಮೇಲೆ ಮೀಸಲಿನ ವಿಚಾರ. ಗರಿಷ್ಠ ಹೊರೆಯು ಘಟಕದ ಸಾಮರ್ಥ್ಯದ ಶೇಕಡ 60ರಿಂದ 70ರಷ್ಟಿರುವಂತೆ ನೋಡಿಕೊಳ್ಳುವುದು ಒಳ್ಳೆಯ ಪದ್ಧತಿ. 370 ವ್ಯಾಟಿಗೆ 550 ವ್ಯಾಟಿನ ಘಟಕವನ್ನು ಆರಿಸಿದರೆ ಹೊರೆ ಶೇಕಡ 67 ಆಗುತ್ತದೆ. ಈ ಕಾರ್ಡಿಗೆ ಎನ್‌ವಿಡಿಯಾ ಸಂಸ್ಥೆ ಸೂಚಿಸಿರುವುದೂ 550 ವ್ಯಾಟನ್ನೇ. ಮೀಸಲಿಗೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ಗ್ರಾಫಿಕ್ಸ್ ಕಾರ್ಡುಗಳು ಕಣ್ಣುಮುಚ್ಚಿ ತೆರೆಯುವುದಕ್ಕೂ ಮುನ್ನ ತಮ್ಮ ಸರಾಸರಿಗಿಂತ ಬಹಳ ಹೆಚ್ಚು ಶಕ್ತಿಯನ್ನು ಸೆಳೆದು ಮತ್ತೆ ಇಳಿಯುತ್ತವೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನಕವು ಇದನ್ನು ಗಮನಿಸಿ, ಹೊಸ ಬಗೆಯ ಗ್ರಾಫಿಕ್ಸ್ ಕನೆಕ್ಟರ್ ಉಳ್ಳ ಘಟಕಗಳು 100 ಮೈಕ್ರೋಸೆಕೆಂಡಿನಷ್ಟು ಕಾಲ ತಮ್ಮ ಸಾಮರ್ಥ್ಯದ ಎರಡರಷ್ಟು ಹೊರೆಯನ್ನು ತಾಳಬೇಕೆಂದು ವಿಧಿಸಿದೆ. ಎರಡನೆಯದಾಗಿ, ಬೇಸಗೆಯಲ್ಲಿ ದೆಹಲಿ, ಹೈದರಾಬಾದುಗಳ ಕೋಣೆಯ ಉಷ್ಣತೆಯೇ 35 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕ್ಯಾಬಿನೆಟ್ಟಿನ ಒಳಗೆ ಇನ್ನೂ ಹೆಚ್ಚು. ಬಿಸಿಯಲ್ಲಿ ಘಟಕದ ನೈಜ ಸಾಮರ್ಥ್ಯ ಕುಗ್ಗುತ್ತದೆ. 25 ಡಿಗ್ರಿಯಲ್ಲಿ ಅಳೆದು ಬರೆದ ವ್ಯಾಟಿಗೂ 40 ಅಥವಾ 50 ಡಿಗ್ರಿಯಲ್ಲಿ ಅಳೆದು ಬರೆದ ವ್ಯಾಟಿಗೂ ವ್ಯತ್ಯಾಸವಿದೆ. ಎರಡನೆಯದು ಹೆಚ್ಚು ನಂಬಿಕೆಗೆ ಅರ್ಹ. ಮೂರನೆಯದಾಗಿ, ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವರ್ಷಗಳು ಕಳೆದಂತೆ ಒಣಗುತ್ತವೆ. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಅವುಗಳ ಆಯುಸ್ಸು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರು ಅನುಸರಿಸುವ ನಿಯಮ. 85 ಡಿಗ್ರಿಯ ಕೆಪಾಸಿಟರಿಗಿಂತ 105 ಡಿಗ್ರಿಯದು ಉತ್ತಮವೆನ್ನುವುದು ಇದೇ ಕಾರಣಕ್ಕಾಗಿ.

ಹಾಗೆಂದು 370 ವ್ಯಾಟಿನ ಯಂತ್ರಕ್ಕೆ 1000 ವ್ಯಾಟಿನ ಘಟಕವನ್ನು ತರುವುದೂ ವಿವೇಕವಲ್ಲ. ಕೊಟ್ಟ ಹಣ ಕೆಲಸವಿಲ್ಲದೆ ಕುಳಿತಿರುತ್ತದೆ. ಯಂತ್ರ ಹಗುರ ಕೆಲಸದಲ್ಲಿರುವಾಗ ಅಷ್ಟು ದೊಡ್ಡ ಘಟಕದ ದಕ್ಷತೆಯೂ ಕಡಿಮೆ.

ಕಂಚು, ಬೆಳ್ಳಿ, ಬಂಗಾರ

ಗೋಡೆಯಿಂದ ಪಡೆದ ವಿದ್ಯುತ್ತಿನಲ್ಲಿ ಎಷ್ಟು ಭಾಗ ಗಣಕಯಂತ್ರಕ್ಕೆ ತಲುಪುತ್ತದೆ ಎಂಬುದೇ ದಕ್ಷತೆ. ಉಳಿದುದು ಬಿಸಿಯಾಗಿ ಕೋಣೆಯನ್ನು ಸೇರುತ್ತದೆ. 2004ರಲ್ಲಿ ಅಮೆರಿಕದಲ್ಲಿ 80 ಪ್ಲಸ್ ಎಂಬ ಯೋಜನೆ ಆರಂಭವಾಯಿತು. ಶೇಕಡ 20, 50 ಮತ್ತು 100ರ ಹೊರೆಗಳಲ್ಲಿ ಕನಿಷ್ಠ ಶೇಕಡ 80ರಷ್ಟು ದಕ್ಷತೆ ತೋರಿದ ಘಟಕಕ್ಕೆ ಈ ಮುದ್ರೆ ದೊರೆಯುತ್ತದೆ. 2008ರಲ್ಲಿ ಬ್ರಾನ್ಜ್, ಸಿಲ್ವರ್, ಗೋಲ್ಡ್ ದರ್ಜೆಗಳೂ ಅನಂತರ ಪ್ಲಾಟಿನಂ, ಟೈಟೇನಿಯಂ ದರ್ಜೆಗಳೂ ಸೇರಿದವು. 115 ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಹೊರೆಯಲ್ಲಿ ಬ್ರಾನ್ಜ್ ಘಟಕವು ಶೇಕಡ 85ನ್ನೂ ಗೋಲ್ಡ್ ಘಟಕವು ಶೇಕಡ 90ನ್ನೂ ಮುಟ್ಟಬೇಕು. ನಮ್ಮ ದೇಶದ 230 ವೋಲ್ಟಿನಲ್ಲಿ ದಕ್ಷತೆ ಇನ್ನೂ ತುಸು ಹೆಚ್ಚೇ ಇರುತ್ತದೆ.

ಈ ವ್ಯತ್ಯಾಸ ರೂಪಾಯಿಗಳಲ್ಲಿ ಎಷ್ಟಾದೀತು? ಯಂತ್ರ ಸರಾಸರಿ 200 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಂಡರೆ, ಶೇಕಡ 80ರ ಘಟಕ ಗೋಡೆಯಿಂದ 250 ವ್ಯಾಟ್ ಸೆಳೆಯುತ್ತದೆ. ಶೇಕಡ 90ರ ಘಟಕ ಸುಮಾರು 222 ವ್ಯಾಟ್. ವ್ಯತ್ಯಾಸ 28 ವ್ಯಾಟ್. ದಿನಕ್ಕೆ 5 ಗಂಟೆಯಂತೆ ವರ್ಷಕ್ಕೆ 1,825 ಗಂಟೆಗಳಿಗೆ ಸುಮಾರು 51 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 400 ರೂಪಾಯಿಗೆ ಸ್ವಲ್ಪ ಹೆಚ್ಚು. ಬೆಲೆಯಲ್ಲಿನ ಅಂತರ 1,500 ರೂಪಾಯಿ ಆಗಿದ್ದಲ್ಲಿ ನಾಲ್ಕು ವರ್ಷದೊಳಗೆ ಅದು ಹಿಂದಿರುಗಿ ಬರುತ್ತದೆ. ವಾರಕ್ಕೊಮ್ಮೆ ಮಾತ್ರ ಯಂತ್ರ ಹಚ್ಚುವವರಿಗೆ ಈ ಲಾಭ ದೊರೆಯದು. ಅವರಿಗೆ ಬ್ರಾನ್ಜ್ ಸಾಕು.

ಒಂದು ಅಂಶವನ್ನು ಮರೆಯಬಾರದು. ಈ ಮುದ್ರೆ ದಕ್ಷತೆಯನ್ನು ಮಾತ್ರ ಹೇಳುತ್ತದೆ. ಸುರಕ್ಷತೆಗಾಗಲಿ ಬಾಳಿಕೆಗಾಗಲಿ ಅದು ಜಾಮೀನಲ್ಲ.

ರಕ್ಷಣೆಯ ಏರ್ಪಾಡುಗಳು

ಒಳ್ಳೆಯ ಘಟಕದೊಳಗೆ ಹಲವು ಕಾವಲುಗಾರರಿರುತ್ತಾರೆ. ವೋಲ್ಟೇಜು ಮಿತಿ ಮೀರಿದರೆ ಒಂದು, ತೀರ ಇಳಿದರೆ ಇನ್ನೊಂದು, ಒಟ್ಟು ಹೊರೆ ಹೆಚ್ಚಾದರೆ ಮತ್ತೊಂದು, ತಂತಿಗಳು ಒಂದಕ್ಕೊಂದು ತಗುಲಿ ಷಾರ್ಟ್ ಆದರೆ ಬೇರೊಂದು, ಒಳಗಿನ ಬಿಸಿ ಅತಿಯಾದರೆ ಮಗುದೊಂದು ಮಂಡಲ ಪೂರೈಕೆಯನ್ನು ತಟ್ಟನೆ ನಿಲ್ಲಿಸುತ್ತದೆ. ಡಬ್ಬಿಯ ಮೇಲೆ ಇವನ್ನು ಒವಿಪಿ, ಯುವಿಪಿ, ಒಪಿಪಿ, ಎಸ್‌ಸಿಪಿ, ಒಟಿಪಿ ಎಂಬ ಸಂಕೇತಗಳಿಂದ ಸೂಚಿಸುತ್ತಾರೆ. ಘಟಕ ತಾನೇ ಕೆಟ್ಟರೂ ಮದರ್‌ಬೋರ್ಡನ್ನೂ ಡಿಸ್ಕನ್ನೂ ಉಳಿಸುವುದು ಈ ಏರ್ಪಾಡುಗಳ ಉದ್ದೇಶ. ಅಗ್ಗದ ಪೆಟ್ಟಿಗೆಯಲ್ಲಿ ಮೊದಲು ಕೈಬಿಡುವುದು ಇವುಗಳನ್ನೇ. ಹೊರಗಿನಿಂದ ನೋಡುವವರಿಗೆ ಅದು ಕಾಣುವುದಿಲ್ಲವಷ್ಟೆ.

ಕನೆಕ್ಟರುಗಳು ಮತ್ತು ಕೇಬಲ್ಲುಗಳು

ಮದರ್‌ಬೋರ್ಡಿಗೆ 24 ಪಿನ್ನಿನ ದೊಡ್ಡ ಕನೆಕ್ಟರು, ಪ್ರೊಸೆಸರಿಗೆ 4 ಅಥವಾ 8 ಪಿನ್ನಿನದು, ಗ್ರಾಫಿಕ್ಸ್ ಕಾರ್ಡಿಗೆ 6 ಅಥವಾ 8 ಪಿನ್ನಿನದು, ಡಿಸ್ಕುಗಳಿಗೆ ಸಾಟಾ ಕನೆಕ್ಟರು ಇವು ಮುಖ್ಯವಾದವು. ಗ್ರಾಫಿಕ್ಸ್ ಕಾರ್ಡು ಮದರ್‌ಬೋರ್ಡಿನ ಸ್ಲಾಟಿನಿಂದ 75 ವ್ಯಾಟ್, 6 ಪಿನ್ನಿನಿಂದ 75 ವ್ಯಾಟ್, 8 ಪಿನ್ನಿನಿಂದ 150 ವ್ಯಾಟ್ ಪಡೆಯಬಹುದು. ಆದುದರಿಂದ ಸ್ಲಾಟು ಮತ್ತು ಒಂದು 8 ಪಿನ್ ಸೇರಿದರೆ 225 ವ್ಯಾಟ್. 170 ವ್ಯಾಟಿನ ಕಾರ್ಡಿಗೆ ಧಾರಾಳವಾಯಿತು. ಪ್ರೊಸೆಸರಿನ 8 ಪಿನ್ನೂ ಗ್ರಾಫಿಕ್ಸ್ ಕಾರ್ಡಿನ 8 ಪಿನ್ನೂ ನೋಡಲು ಅವಳಿಜವಳಿಯಂತಿದ್ದರೂ ಒಳಗಿನ ತಂತಿಗಳ ಜೋಡಣೆ ವಿರುದ್ಧವಾದುದು. ಸಲೀಸಾಗಿ ಕೂರದ ಕನೆಕ್ಟರನ್ನು ಬಲವಂತದಿಂದ ಒತ್ತಬಾರದು.

ಕೇಬಲ್ಲುಗಳನ್ನು ಬಿಚ್ಚಿ ಜೋಡಿಸಬಹುದಾದ ಮಾಡ್ಯುಲರ್ ಘಟಕಗಳಲ್ಲಿ ಒಂದು ಗುಪ್ತ ಅಪಾಯವಿದೆ. ಕೇಬಲ್ಲಿನ ಯಂತ್ರದ ಕಡೆಯ ತುದಿ ಮಾತ್ರ ಎಲ್ಲರಲ್ಲಿಯೂ ಒಂದೇ ತರಹ; ಎಸ್‌ಎಂಪಿಎಸ್ ಕಡೆಯ ತುದಿಗೆ ಸರ್ವಸಮ್ಮತ ಮಾನಕವಿಲ್ಲ. ಒಂದು ಕಂಪನಿಯ ಕೇಬಲ್ಲನ್ನು ಇನ್ನೊಂದರ ಘಟಕಕ್ಕೆ ಸಿಕ್ಕಿಸಿದರೆ, 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹರಿದು ಡಿಸ್ಕು ಕ್ಷಣಾರ್ಧದಲ್ಲಿ ಸುಟ್ಟುಹೋಗಬಹುದು. ಘಟಕ ಬದಲಾಯಿಸುವಾಗ ಹಳೆಯ ಕೇಬಲ್ಲುಗಳನ್ನೂ ತಪ್ಪದೆ ಬದಲಾಯಿಸಬೇಕು. ಹೆಚ್ಚು ಶಕ್ತಿಯ ಕಾರ್ಡುಗಳಿಗಾಗಿ ಬಂದಿರುವ 600 ವ್ಯಾಟಿನವರೆಗಿನ 16 ಪಿನ್ನಿನ ಕನೆಕ್ಟರುಗಳು ಕರಗಿದ ವರದಿಗಳು 2022ರಲ್ಲಿ ಬಂದವು. ಕನೆಕ್ಟರನ್ನು ಪೂರ್ತಿಯಾಗಿ ಒಳಗೆ ಕೂರಿಸದಿದ್ದುದು ಇದಕ್ಕೆ ಸಾಮಾನ್ಯ ಕಾರಣವೆಂದು ಎನ್‌ವಿಡಿಯಾ ತಿಳಿಸಿತು. 2023ರ ಎಟಿಎಕ್ಸ್ 3.1 ಮಾನಕದಲ್ಲಿ ಕನೆಕ್ಟರಿನ ರಚನೆಯನ್ನು ತಿದ್ದಲಾಗಿದೆ.

ಕಚೇರಿಗಳಲ್ಲಿ ಬಳಸಿ ಬಿಟ್ಟ ಪ್ರಸಿದ್ಧ ಕಂಪನಿಗಳ ಗಣಕಯಂತ್ರಗಳನ್ನು ಅನೇಕರು ಕಡಿಮೆ ಬೆಲೆಗೆ ಕೊಳ್ಳುತ್ತಾರೆ. ಅಂತಹವುಗಳಲ್ಲಿ ಎಸ್‌ಎಂಪಿಎಸ್ ಆಕಾರವೂ ಕನೆಕ್ಟರುಗಳೂ ಆಯಾ ಕಂಪನಿಯ ಸ್ವಂತ ವಿನ್ಯಾಸದವಾಗಿರುವುದುಂಟು. ಮಾರುಕಟ್ಟೆಯ ಸಾಮಾನ್ಯ ಘಟಕ ಅಲ್ಲಿ ಹೊಂದದು. 150 ಮಿಲಿಮೀಟರ್ ಅಗಲ, 86 ಮಿಲಿಮೀಟರ್ ಎತ್ತರದ ಎಟಿಎಕ್ಸ್ ಪೆಟ್ಟಿಗೆಗೆ ಕ್ಯಾಬಿನೆಟ್ಟಿನಲ್ಲಿ ಸ್ಥಳವಿದೆಯೇ, ಮದರ್‌ಬೋರ್ಡಿನಲ್ಲಿ 24 ಪಿನ್ನಿನ ಕನೆಕ್ಟರು ಇದೆಯೇ ಎಂದು ಕಾರ್ಡ್ ಕೊಳ್ಳುವುದಕ್ಕೂ ಮೊದಲೇ ನೋಡಿಕೊಳ್ಳಬೇಕು.

ಮೂರನೆಯ ಪಿನ್ನಿನ ಮಹತ್ವ

ಕ್ಯಾಬಿನೆಟ್ಟನ್ನು ಮುಟ್ಟಿದಾಗ ಬೆರಳಿಗೆ ಝುಮ್ಮೆನ್ನುವ ಅನುಭವ ಅನೇಕ ಮನೆಗಳಲ್ಲಿ ಸಾಮಾನ್ಯ. "ಕಂಪ್ಯೂಟರೆಂದರೆ ಹಾಗೆಯೇ" ಎಂದು ಅದನ್ನು ಅಲಕ್ಷಿಸುವವರೇ ಹೆಚ್ಚು. ಇದರ ಕಾರಣ ಸ್ಪಷ್ಟವಾಗಿದೆ. ವಿದ್ಯುತ್ತಿನ ಕಲ್ಮಶವನ್ನು ಸೋಸುವುದಕ್ಕಾಗಿ ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್ ತಂತಿಗಳಿಂದ ಲೋಹದ ಹೊದಿಕೆಗೆ ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಅರ್ಥಿಂಗ್ ಸರಿಯಾಗಿದ್ದರೆ ಅವುಗಳ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತು ಭೂಮಿಗೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದಾಗ ಹೊದಿಕೆಯು 230ರ ಅರ್ಧ, ಅಂದರೆ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಪ್ರವಾಹ ಅತ್ಯಲ್ಪವಾದ್ದರಿಂದ ಝುಮ್ಮೆನ್ನುವಷ್ಟಕ್ಕೇ ಮುಗಿಯುತ್ತದೆ.

ಆದರೆ ಒಳಗಿನ ನಿರೋಧಕ ಪದರ ಹಾಳಾಗಿ ಫೇಸ್ ತಂತಿ ನೇರವಾಗಿ ಹೊದಿಕೆಗೆ ತಗುಲಿದರೆ ಪೂರ್ಣ 230 ವೋಲ್ಟು ಆ ಲೋಹದ ಮೇಲೆ ಬರುತ್ತದೆ. ಅರ್ಥಿಂಗ್ ಇರುವ ಮನೆಯಲ್ಲಿ ಫ್ಯೂಸು ಹಾರುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಏನೂ ಹಾರುವುದಿಲ್ಲ. ಅದು ಮುಟ್ಟುವ ಕೈಗಾಗಿ ಕಾದಿರುತ್ತದೆ. ಹಳೆಯ ಚಾಳುಗಳಲ್ಲಿ, ಬಾಡಿಗೆಯ ಮನೆಗಳಲ್ಲಿ ಗೋಡೆಯ ಸಾಕೆಟ್ಟಿನಲ್ಲಿ ಮೂರು ರಂಧ್ರಗಳಿದ್ದರೂ ಮೂರನೆಯದಕ್ಕೆ ತಂತಿಯೇ ಇರದಿರಬಹುದು. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಗಣಕಯಂತ್ರ ನಡೆಸುವುದಂತೂ ಸರ್ವಥಾ ಸಲ್ಲದು. ಹೊಸ ಎಸ್‌ಎಂಪಿಎಸ್ ತರುವ ದಿನವೇ ಒಬ್ಬ ತಿಳಿದ ಎಲೆಕ್ಟ್ರಿಷಿಯನ್ನನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸುವುದು, ಸಾಧ್ಯವಾದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು ಮನೆಮಂದಿಯ ಹಿತಕ್ಕೆ ಅತ್ಯಗತ್ಯ. ಅರ್ಥಿಂಗ್ ಇಲ್ಲದಿದ್ದರೆ ಸ್ಪೈಕ್ ಗಾರ್ಡ್ ಪಟ್ಟಿಯೂ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಲಾರದು.

ಯುಪಿಎಸ್ ಲೆಕ್ಕ

ಎಸ್‌ಎಂಪಿಎಸ್ ದೊಡ್ಡದಾದಾಗ ಹಳೆಯ ಯುಪಿಎಸ್ ಸಾಲದೆ ಹೋಗುವ ಸಂಭವವಿದೆ. ಮನೆಗಳಲ್ಲಿ ಬಳಕೆಯಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡಬಲ್ಲುದು 360 ವ್ಯಾಟ್. ಮೇಲಿನ ಯಂತ್ರದ 370 ವ್ಯಾಟ್ ಹೊರೆಯು ಶೇಕಡ 90ರ ದಕ್ಷತೆಯಲ್ಲಿ ಗೋಡೆಯ ಕಡೆ 411 ವ್ಯಾಟ್ ಆಗುತ್ತದೆ. ಮಾನಿಟರಿನ 30 ವ್ಯಾಟ್ ಸೇರಿದರೆ 441. ಮಗಳು ನಕ್ಷೆಯ ಕೆಲಸದಲ್ಲಿರುವಾಗ ಕರೆಂಟು ಹೋದರೆ ಆ ಯುಪಿಎಸ್ ಅವಳ ಕೆಲಸವನ್ನು ಉಳಿಸಲಾರದು. 1000ರಿಂದ 1100 ವಿಎ, ಅಂದರೆ 600 ವ್ಯಾಟಿನ ಆಸುಪಾಸಿನದು ಬೇಕಾಗುತ್ತದೆ. ಕರೆಂಟು ಹೋದ ಮೇಲೆ ಯುಪಿಎಸ್ ಕೆಲಸ ಹಿಡಿಯಲು ಕೆಲವು ಮಿಲಿಸೆಕೆಂಡುಗಳು ಬೇಕು. ಆ ಅವಧಿಯಲ್ಲಿ ಯಂತ್ರವನ್ನು ನಡೆಸುವುದು ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರೇ. ಎಟಿಎಕ್ಸ್ ಮಾನಕವು 12ರಿಂದ 17 ಮಿಲಿಸೆಕೆಂಡುಗಳಷ್ಟು ಇಂತಹ ತಾಳಿಕೆಯನ್ನು ಹೊರೆಗೆ ತಕ್ಕಂತೆ ಅಪೇಕ್ಷಿಸುತ್ತದೆ. ಕೆಪಾಸಿಟರಿನಲ್ಲಿ ಜಿಪುಣತನ ಮಾಡಿದ ಘಟಕದಲ್ಲಿ, ಯುಪಿಎಸ್ ಇದ್ದರೂ ಯಂತ್ರ ನಿಂತುಹೋಗುವುದು ಈ ಕಾರಣದಿಂದ.

ಕೆಲವು ಸಂದೇಹಗಳು

ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಏರುವುದೇ? ಇಲ್ಲ. 550 ವ್ಯಾಟ್ ಎಂಬುದು ಕೊಡಬಲ್ಲ ಗರಿಷ್ಠ ಪ್ರಮಾಣ. ಯಂತ್ರ 100 ವ್ಯಾಟ್ ಕೇಳಿದರೆ ಘಟಕ ಅಷ್ಟನ್ನೇ ಕೊಡುತ್ತದೆ.

ಹಳೆಯ ಎಸ್‌ಎಂಪಿಎಸ್ ಇನ್ನೂ ನಡೆಯುತ್ತಿದೆಯಲ್ಲ, ಅದನ್ನೇ ಮುಂದುವರಿಸಬಹುದೇ? ಒಳ್ಳೆಯ ತಯಾರಿಕೆಯದಾಗಿದ್ದು, ವಾರಂಟಿಯ ಅವಧಿ ಉಳಿದಿದ್ದು, 12 ವೋಲ್ಟಿನ ಲೆಕ್ಕ ಹೊಂದಿದರೆ ಅಡ್ಡಿಯಿಲ್ಲ. ಏಳೆಂಟು ವರ್ಷ ದುಡಿದ ಘಟಕದ ಮೇಲೆ ಹೊಸ ಕಾರ್ಡಿನ ಹೊರೆ ಹೇರುವುದು ಉಚಿತವಲ್ಲ. ಬಹಳ ಹಳೆಯ ಘಟಕಗಳ ಹಿಂಭಾಗದಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಗುಂಡಿ ಇರುತ್ತದೆ. ಅದನ್ನು 115ಕ್ಕೆ ಸರಿಸಿ ನಮ್ಮ ಸಾಕೆಟ್ಟಿಗೆ ಸಿಕ್ಕಿಸಿದರೆ ಘಟಕ ಸಿಡಿಯುತ್ತದೆ. ಮಕ್ಕಳ ಕೈಗೆ ಅದು ಸಿಗದಂತೆ ನೋಡಿಕೊಳ್ಳಬೇಕು.

ಕೈಯಲ್ಲಿ ಹಿಡಿದು ತೂಕ ನೋಡಿ ಕೊಳ್ಳಬಹುದೇ? ತೀರ ಹಗುರವಾದ ಪೆಟ್ಟಿಗೆಯ ಬಗೆಗೆ ಅನುಮಾನ ಪಡುವುದು ಯುಕ್ತವೇ. ಭಾರವಾಗಿದೆ ಎಂದ ಮಾತ್ರಕ್ಕೆ ಒಳ್ಳೆಯದೆಂದು ನಿರ್ಧರಿಸಲಾಗದು.

ಅಂಗಡಿಯಲ್ಲಿ ಗಮನಿಸಬೇಕಾದುದು

ಮೇಲಿನ ವಿಷಯಗಳನ್ನು ಕ್ರೋಡೀಕರಿಸಿ ಹೀಗೆ ಹೇಳಬಹುದು.

1. ಮನೆಯಿಂದ ಹೊರಡುವ ಮುನ್ನ ವ್ಯಾಟುಗಳ ಪಟ್ಟಿಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಬೇಕು.
2. ಲೇಬಲ್ಲಿನಲ್ಲಿ 12 ವೋಲ್ಟಿನ ಆಂಪಿಯರನ್ನು 12ರಿಂದ ಗುಣಿಸಿ, ಒಟ್ಟು ವ್ಯಾಟಿಗೆ ಅದು ಹತ್ತಿರವಿದೆಯೇ ಎಂದು ನೋಡಬೇಕು.
3. ಭಾರತೀಯ ಮಾನಕ ಬ್ಯೂರೋದ ಗುರುತನ್ನೂ ಆರ್ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆಯನ್ನೂ ಲೇಬಲ್ಲಿನ ಮೇಲೆ ಹುಡುಕಬೇಕು.
4. ರಕ್ಷಣಾ ಏರ್ಪಾಡುಗಳ ಪಟ್ಟಿಯನ್ನು ಓದಬೇಕು.
5. ವಾರಂಟಿ ಎಷ್ಟು ವರ್ಷ, ಸೇವಾಕೇಂದ್ರ ತಮ್ಮ ನಗರದಲ್ಲಿದೆಯೇ ಎಂದು ವಿಚಾರಿಸಬೇಕು. 5 ವರ್ಷ ಅಥವಾ ಹೆಚ್ಚಿನ ವಾರಂಟಿ ಕೊಡುವ ತಯಾರಕ ತನ್ನ ವಸ್ತುವಿನ ಮೇಲೆ ತಾನೇ ವಿಶ್ವಾಸವಿಟ್ಟಿದ್ದಾನೆಂದು ತಿಳಿಯಬಹುದು.
6. "ಬಿಲ್ ಬೇಡವಾದರೆ ಕಡಿಮೆಗೆ ಕೊಡುತ್ತೇನೆ" ಎಂಬ ಮಾತಿಗೆ ಒಪ್ಪಬಾರದು. ಜಿಎಸ್‌ಟಿ ರಸೀದಿ ಇಲ್ಲದಿದ್ದರೆ ವಾರಂಟಿ ಕೇಳುವಾಗ ಕೈಯಲ್ಲಿ ಆಧಾರವಿರುವುದಿಲ್ಲ.
7. ಹಣ ಸಾಲದಿದ್ದರೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿಯಬಹುದು. ಎಸ್‌ಎಂಪಿಎಸ್ ವಿಷಯದಲ್ಲಿ ಇಳಿಯಬಾರದು.

ಅಳವಡಿಸುವ ಮುನ್ನ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತಿರಬೇಕು. ಯಂತ್ರ ಆರಿಸಿದ್ದರೂ ಗೋಡೆಯ ಸ್ವಿಚ್ಚು ಹಚ್ಚಿದ್ದರೆ 5 ವೋಲ್ಟಿನ ಒಂದು ಸಾಲು ಮದರ್‌ಬೋರ್ಡಿನಲ್ಲಿ ಜೀವಂತವಾಗಿರುತ್ತದೆ. ಆ ಪ್ಲಗ್ಗನ್ನು ಕೀಳುವುದಕ್ಕೂ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ: ಡಿಸ್ಕಿನಲ್ಲಿರುವ ಭಾವಚಿತ್ರಗಳು, ಕಾಗದಪತ್ರಗಳು, ಮಕ್ಕಳ ಪಾಠಗಳು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಪ್ರತಿ ಮಾಡಿ ಕಪಾಟಿನಲ್ಲಿಡುವುದು. ಎಷ್ಟೇ ಉತ್ತಮವಾದ ಎಸ್‌ಎಂಪಿಎಸ್ ಆದರೂ ಒಂದು ದಿನ ಕೆಡುವ ವಸ್ತುವೇ ಸರಿ. ಸರಿಯಾಗಿ ಆರಿಸಿದ್ದು ಕೆಟ್ಟರೆ ನಷ್ಟ ಅದೊಂದಕ್ಕೇ ಸೀಮಿತವಾಗುವ ಸಂಭವ ಹೆಚ್ಚು. ಪ್ರತಿಯೊಂದು ಕಪಾಟಿನಲ್ಲಿದ್ದರೆ ಉಳಿದ ಆತಂಕವೂ ಇರುವುದಿಲ್ಲ.